ಮುಯ್ಯಾಳಿಗೆ ಬಂದ ಪ್ರೊಸೆಸರ್

ಪರದೆಯ ಮೇಲೆ ‘ಕ್ಯಾಶ್: ನಾಲ್ಕು ಎಂಬಿ’ ಎಂದಿತ್ತು. ಸೋಮನಾಥ್ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ನಾಲ್ಕೇ.

ಮೂವರು ಸೇರಿ ತರಿಸಿದ ಪ್ರೊಸೆಸರ್ ತೊಂಬತ್ತಾರು ಎಂಬಿಯದ್ದು. ಕಂಪ್ಯೂಟರಿನಲ್ಲಿ ಆಟವಾಡುವವರಿಗೆಲ್ಲ ಈಗ ಹುಚ್ಚು ಹಿಡಿಸಿರುವುದು ಇಂಥ ದೊಡ್ಡ ಕ್ಯಾಶ್ ಮೆಮೊರಿಯ ಪ್ರೊಸೆಸರ್ರೇ. ಬೇಕಾದ ಸಾಮಾನೆಲ್ಲ ಒಲೆಯ ಪಕ್ಕದ ಗೂಡಿನಲ್ಲೇ ಇದ್ದರೆ ಅಡುಗೆ ಬೇಗ ಆಗುವಂತೆ, ಆಟ ಎಲ್ಲೂ ತಡವರಿಸದೆ ಓಡುತ್ತದೆ. ಒಬ್ಬನ ಕೈಗೆ ನಿಲುಕುವ ವಸ್ತುವಲ್ಲ. ಹರಿಹರಪುರದ ಸೋಮನಾಥ್, ಕೊಪ್ಪದಲ್ಲಿ ಚಪ್ಪಲಿ ಅಂಗಡಿ ಇಟ್ಟ ಮುಷರಫ್, ಮುತ್ತಿನಕೊಪ್ಪದ ರೇಣುಕಾಪ್ರಸಾದ್, ಹೈಸ್ಕೂಲಿನ ಒಂದೇ ಬೆಂಚಿನ ಗೆಳೆಯರು, ಒಟ್ಟಾಗಿ ಕೊಂಡಿದ್ದರು.

ಗದ್ದೆಯ ಮುಯ್ಯಾಳಿನದೇ ಕ್ರಮ: ಇವತ್ತು ನಿನ್ನ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀನು. ಹಾಗೆ ಅದನ್ನು ಕೂರಿಸಿದ ಕಂಪ್ಯೂಟರ್ ಡಬ್ಬವೂ ಗೋಣಿಚೀಲ ಹೊದ್ದು, ಬಸ್ ಹತ್ತಿ, ತಿಂಗಳಿಗೊಂದು ಮನೆ ಸೇರುತ್ತಿತ್ತು. ಹೋದ ಸರದಿಯಲ್ಲಿ ಸೋಮನಾಥ್ ಒಂದು ನಿಯಮ ಹೇಳಿದ್ದ. ಬಂದ ಡಬ್ಬವನ್ನು ಬಿಚ್ಚಬಾರದು, ಪರೀಕ್ಷಿಸಬಾರದು. ಮುಯ್ಯಾಳಿಗೆ ಬಂದವನ ತೋಳು ಹಿಡಿದು ಬಲ ನೋಡುತ್ತಾರೆಯೇ? ಉಳಿದಿಬ್ಬರೂ ಹೌದೆಂದು ತಲೆಯಾಡಿಸಿದ್ದರು.

ಈ ಸಲ ಆಟ ಹೆಜ್ಜೆಗೊಮ್ಮೆ ನಿಂತಿತು. ಅದಕ್ಕೇ ಒಳಗಿನ ಪ್ರೊಸೆಸರ್ ಯಾವುದೆಂದು ನೋಡಿದ. ನೋಡಿದ್ದೇ ತಪ್ಪಾಯಿತು. ಒಂದೇ ತಟ್ಟೆಯಲ್ಲಿ ಉಂಡವರು ಹೀಗೆ ಮಾಡುವುದೇ? ಇನ್ನು ಯಾರನ್ನು ನಂಬುವುದು? ದುಃಖವೂ ಸಿಟ್ಟೂ ಒಟ್ಟಿಗೇ ಬಂದವು. ಈ ಸ್ನೇಹ ಉಳಿಯುತ್ತದೋ ಮುರಿಯುತ್ತದೋ ಇವತ್ತೇ ತೀರ್ಮಾನವಾಗಲಿ ಎಂದು ಡಬ್ಬ ಹೊತ್ತು ಕೊಪ್ಪದ ಬಸ್ ಹತ್ತಿದ. ರೇಣುಕಾಪ್ರಸಾದನಿಗೂ ಫೋನ್ ಮಾಡಿ ಅಲ್ಲಿಗೇ ಕರೆಸಿದ.

ಚಪ್ಪಲಿ ಪೆಟ್ಟಿಗೆಗಳ ನಡುವೆ ಡಬ್ಬವನ್ನು ಧೊಪ್ಪನೆ ಇಟ್ಟ.

“ಎಂತ ಮಾರಾಯ, ಸರದಿ ಮುಗೀದೆ ತಂದೀಯ?” ಎಂದ ಮುಷರಫ್.

“ಇದ್ರೊಳಗಿನ ಪ್ರೊಸೆಸರ್ ಬದಲಾಗಿದೆ. ನನ್ನಿಂದ ನಿನಗೆ ಹೋಯ್ತು, ನಿನ್ನಿಂದ ಇವನಿಗೆ. ನಿಮ್ಮಿಬ್ಬರಲ್ಲಿ ಯಾರು?”

ರೇಣುಕಾಪ್ರಸಾದನ ಮುಖ ಕೆಂಪಾಯಿತು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರು ನಾವಲ್ಲ ಮಾರಾಯ. ಮುಷರಫ್ ಕೊಟ್ಟಿದ್ದನ್ನೇ ನಿಂಗೆ ಕಳಿಸಿದೀನಿ.”

“ನಾನೂ ಅಷ್ಟೇ. ಬಂದ ಹಾಗೇ ಕಳಿಸಿದೀನಿ,” ಎಂದ ಮುಷರಫ್.

ಇಬ್ಬರಲ್ಲೊಬ್ಬ ಸುಳ್ಳ. ಸೋಮನಾಥನ ಕಣ್ಣಲ್ಲಿ ನಿಜವಾಗಿಯೇ ನೀರು ಬಂತು.

“ನಾನು ಕೊಟ್ಟಿದ್ದು ಇದಲ್ಲ,” ಎಂದ. “ಶಿವನಾಣೆಗೂ ಇದಲ್ಲ!”

ಆಣೆಯ ಮಾತು ಕೇಳಿ ಮುಷರಫ್ ಕೈಯಲ್ಲಿದ್ದ ಚಪ್ಪಲಿಯನ್ನು ಪೆಟ್ಟಿಗೆಗೆ ಹಾಕಿ, ಮುಚ್ಚಳ ಮುಚ್ಚಿದ.

“ಆಯ್ತು, ನಂಬ್ತೀನಿ. ಹಾಗಾದ್ರೆ ನೀ ಕೊಟ್ಟಿದ್ದು ಯಾವ್ದು? ಅದೊಂದು ಹೇಳು, ಸಾಕು.”

ಸೋಮನಾಥ್ ಡಬ್ಬವನ್ನು ಮತ್ತೆ ಗೋಣಿಚೀಲಕ್ಕೆ ತುರುಕತೊಡಗಿದ.

ತೊಂಬತ್ತಾರನ್ನು ಶಿವಮೊಗ್ಗದಲ್ಲಿ ಮಾರಿ, ಅವನು ಡಬ್ಬದೊಳಗಿಟ್ಟು ಕೊಟ್ಟಿದ್ದು ಮೂವತ್ತೆರಡರದ್ದು.