ಎಮೆರಿಯ ಸರದಿ

ಗಿರಣಿ ಹಳ್ಳದ ಸೇತುವೆಯ ದುರಸ್ತಿಯನ್ನು ಇನ್ನೊಂದು ವರ್ಷ ಮುಂದೂಡೋಣವೇ ಎಂದು ಅಧ್ಯಕ್ಷೆ ಹ್ಯಾರಿಯೆಟ್ ವೀಲಾಕ್ ಸಭೆಯನ್ನು ಕೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಎಮೆರಿ ಪೆಲ್ಟಿಯೆ ಎದ್ದು ನಿಂತ. ವರ್ಮಾಂಟ್ ರಾಜ್ಯದ ಆ ಪುಟ್ಟ ಊರಿನ ವಾರ್ಷಿಕ ಸಭೆ, ಊರಿನ ಖರ್ಚನ್ನೆಲ್ಲ ಜನರೇ ಕೈ ಎತ್ತಿ ತೀರ್ಮಾನಿಸುವ ದಿನ. ಮಾರ್ಚ್ ತಿಂಗಳ ಮೊದಲ ಮಂಗಳವಾರ, ಶಾಲೆಯ ಜಿಮ್‌ನಲ್ಲಿ ನೂರಿಪ್ಪತ್ತು ಜನ, ಎಲ್ಲರ ಬೂಟಿಗೂ ಕೆಸರು. ಎದ್ದವನು ಎಮೆರಿ ಎಂದು ಕಂಡು ಹಲವರು ಮುಜುಗರದಿಂದ ತಲೆ ತಗ್ಗಿಸಿದರು. ಮೂವತ್ತು ವರ್ಷದಿಂದ ಊರಿನ ರಸ್ತೆಗಳನ್ನು ನೋಡಿಕೊಳ್ಳುತ್ತಿದ್ದ ಅವನು ಬಾಯಿ ತೆರೆದರೆ ತೊದಲುತ್ತಾನೆ ಎಂಬುದು ಅಲ್ಲಿ ಗೊತ್ತಿಲ್ಲದವರಿರಲಿಲ್ಲ.

ಹೋದ ವರ್ಷವೂ ಹೀಗೆಯೇ ಎದ್ದಿದ್ದ. ‘ಬ್ರಿಡ್ಜ್’ ಎಂಬ ಒಂದೇ ಪದದಲ್ಲಿ ಸಿಕ್ಕಿಕೊಂಡು, ಅದು ಹೊರಬಾರದೆ, ಕೊನೆಗೆ ಬರೆದು ತಂದಿದ್ದ ಚೀಟಿಯನ್ನು ಮುಂದಕ್ಕೆ ಕೊಟ್ಟು, ಕೈ ಬೀಸಿ ಕೂತುಬಿಟ್ಟಿದ್ದ. ಪಾಪ ಎಂದು ಜನ ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆ ಅವನನ್ನು ವಾರಗಟ್ಟಲೆ ಸುಟ್ಟಿತು. ಪಕ್ಕದ ಊರಿನ ಮಾತಿನ ಚಿಕಿತ್ಸಕಿಯ ಹತ್ತಿರ ಹೋದ. ಐವತ್ತೆರಡರ ವಯಸ್ಸಿನಲ್ಲಿ ತೊದಲು ಹೋಗಿಬಿಡುತ್ತದೆಂದು ತಾನು ಮಾತು ಕೊಡಲಾರೆ, ಆದರೆ ಅದಕ್ಕೆ ಹೆದರಿ ಓಡುವುದನ್ನು ದಿನಕ್ಕೊಂದು ಪದದಂತೆ ನಿಲ್ಲಿಸಬಹುದು ಎಂದು ಆಕೆ ನೇರವಾಗಿ ಹೇಳಿದಳು.

ಮಾರನೆಯ ಬೆಳಿಗ್ಗೆಯೇ ಶುರುವಾಯಿತು. ಅಂಗಡಿಯ ಡಾಟಿ ಎಂದಿನಂತೆ, ಅವನು ಬಾಗಿಲು ದಾಟುವ ಮೊದಲೇ ಬ್ಲೂಬೆರಿ ಮಫಿನ್ ಸುತ್ತಿ ಇಟ್ಟಿದ್ದಳು. ಅವನು ಅದನ್ನು ಹಿಂದಕ್ಕೆ ತಳ್ಳಿ, ನಾನು ಬಾಯಿಬಿಟ್ಟು ಕೇಳಿದ ಮೇಲೆ ಕೊಡು ಎಂದ. ಕೇಳಲು ಅರ್ಧ ನಿಮಿಷ ಹಿಡಿಯಿತು, ಬೆನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ಮರುದಿನವೂ ಕೇಳಿದ, ಅದರ ಮರುದಿನವೂ. ಚೀಟಿ ಬರೆದಿಟ್ಟು ಬರುತ್ತಿದ್ದ ಕಡೆಗೆಲ್ಲ ಫೋನ್ ಮಾಡತೊಡಗಿದ. ಲೈನ್ ಸತ್ತಿದೆಯೆಂದು ಆ ಕಡೆಯವರು ಇಟ್ಟುಬಿಟ್ಟರೆ ಮತ್ತೆ ಮಾಡುತ್ತಿದ್ದ. ಕೆಲವು ದಿನ ಸೋತು, ಪಿಕಪ್‌ನಲ್ಲಿ ಕೂತು ಸ್ಟೀರಿಂಗ್ ಗುದ್ದಿದ್ದೂ ಉಂಟು. ಆದರೆ ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗುವುದು ತಪ್ಪಲಿಲ್ಲ. ವರ್ಷ ಕಳೆದರೂ ತೊದಲು ಇದ್ದಲ್ಲೇ ಇತ್ತು. ಅವನು ಮಾತ್ರ ನೆಲ ನೋಡಿ ಮಾತಾಡುವುದನ್ನು ಬಿಟ್ಟಿದ್ದ.

ಈಗ ಎಮೆರಿ “ನಾನು ಬ್... ಬ್...” ಎಂದು ತೊಡಗಿದಾಗ, ಮೂರನೇ ತರಗತಿಯಲ್ಲಿ ಅವನಿಗೆ ಪಾಠ ಹೇಳಿದ್ದ ಹ್ಯಾರಿಯೆಟ್‌ಗೆ ತಡೆಯಲಾಗಲಿಲ್ಲ.

“ಬಜೆಟ್ ಬಗ್ಗೆನಾ, ಎಮೆರಿ?”

ಅವನು ಅಲ್ಲವೆಂದು ತಲೆಯಾಡಿಸಿದ. ಮುಂದಿನ ಸಾಲಿನಲ್ಲಿದ್ದ ಡೈರಿ ಮಾಲೀಕ ಕ್ಲೈಡ್ ಸ್ಟ್ಯಾನರ್ಡ್, ಹೀಗೇ ಆದರೆ ಮಧ್ಯಾಹ್ನದ ಊಟ ಸಂಜೆಗೆ ಉಣ್ಣಬೇಕಾಗುತ್ತದೆ ಎಂದು ಪಕ್ಕದವನಿಗೆ ಕೇಳುವಷ್ಟು, ಅಂದರೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದ. ನಗು ಹರಡಿತು. ಎಮೆರಿ ಕೂರಲಿಲ್ಲ. ಮಳೆ ನಿಲ್ಲಲೆಂದು ಸೂರಿನಡಿ ಕಾಯುವವನಂತೆ ನಗು ನಿಲ್ಲುವವರೆಗೆ ಕಾದ.

“ಬರ್ದು ಕೊಡಪ್ಪಾ, ನಾನೇ ಎಲ್ರಿಗೂ ಓದಿ ಹೇಳ್ತೀನಿ,” ಎಂದರು ಹ್ಯಾರಿಯೆಟ್, ಮೆಲ್ಲಗೆ.

“ಹೋದ್ವರ್ಷ ಬ್... ಬರ್ದು ಕೊಟ್ಟಿದ್ದೆ ಟೀಚರ್. ಯಾರೂ ಓದ್ಲಿಲ್ಲ. ಇವತ್ತು ನಾನೇ ಹೇಳ್ತೀನಿ. ಹೊತ್ತಾಗುತ್ತೆ. ಕ್... ಕಾಯ್ಬೇಕು ನೀವು.”

ಕಾದರು. ಹೀಟರಿನ ಸದ್ದು ಬಿಟ್ಟರೆ ಜಿಮ್‌ನಲ್ಲಿ ಬೇರೆ ಸದ್ದಿರಲಿಲ್ಲ. ಕೊನೆಗೂ ‘ಬ್ರಿಡ್ಜ್’ ಹೊರಬಂತು, ಅದರ ಹಿಂದೆ ಉಳಿದದ್ದೂ ಬಂತು. ಸೇತುವೆಯ ಪರೀಕ್ಷೆಗೆ ಬರುವವರು ಹಳ್ಳ ತುಂಬಿದ ಕಾಲದಲ್ಲಿ ಬಂದು ಮೇಲಿನಿಂದ ನೋಡಿ ಹೋಗುತ್ತಾರೆ. ತಾನು ಕಳೆದ ಎರಡು ಬೇಸಿಗೆಯೂ ನೀರು ಇಳಿದಾಗ ಅಡಿಗೆ ತೆವಳಿ ಹೋಗಿ ನೋಡಿದ್ದೇನೆ. ಪೂರ್ವದ ಕಂಬದ ಬುಡವನ್ನು ಹಳ್ಳ ತಿನ್ನುತ್ತಿದೆ. ಮೊದಲ ಸಲ ಬುಡದ ಪೊಳ್ಳಿನೊಳಗೆ ಸಲಿಕೆಯ ಅಲಗಷ್ಟೇ ಹೋಗಿತ್ತು, ಎರಡನೆಯ ಸಲ ಹಿಡಿಕೆಯ ತುದಿಯವರೆಗೆ ಹೋದರೂ ಏನೂ ತಗಲಲಿಲ್ಲ. ಊರಿನ ಕಚೇರಿಗೆ ಫೋನ್ ಮಾಡಿ ತಿಳಿಸಿದರೆ, ಸಭೆಯಲ್ಲಿ ಹೇಳು ಎಂದರು. ಇಷ್ಟನ್ನು ಹೇಳಲು ಹನ್ನೊಂದು ನಿಮಿಷ ಬೇಕಾಯಿತು. ಕೊರಳ ನರ ಉಬ್ಬಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಆದರೂ ಒಂದು ಪದವನ್ನೂ ಬಿಟ್ಟು ಮುಂದೆ ಹಾರಲಿಲ್ಲ. ಕೊನೆಯ ಮಾತನ್ನು ಮುಂದಿನ ಸಾಲಿನ ಕಡೆ ತಿರುಗಿ ಹೇಳಿದ.

“ಸ್ಕೂಲ್ ಬ್... ಬ್... ಬಸ್ಸು ದಿನಾ ಎರಡು ಸಲ ಅದರ ಮೇಲೆ ಹೋಗುತ್ತೆ, ಕ್ಲೈಡ್. ನಿನ್ನ ಮೊಮ್ಮಗಳೂ ಅದರಲ್ಲೇ ಕೂತಿರ್ತಾಳೆ.”

ಕ್ಲೈಡ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಅವನೇ ಎದ್ದು, ಹಿಮ ಕರಗಿದ ಕೂಡಲೇ ಕೆಲಸ ಶುರುವಾಗಲಿ, ನಾಳೆಯಿಂದ ಬಸ್ಸು ಮೇಲಿನ ದಾರಿಯಲ್ಲಿ ಸುತ್ತಿ ಬರಲಿ ಎಂದು ಸಭೆಯ ಮುಂದಿಟ್ಟ. ಏಳು ಜನರನ್ನು ಬಿಟ್ಟು ಎಲ್ಲರೂ ಕೈ ಎತ್ತಿದರು.

ಊಟದ ಸಾಲಿನಲ್ಲಿ ಹ್ಯಾರಿಯೆಟ್ ತಟ್ಟೆ ಹಿಡಿದು ಎಮೆರಿಯ ಪಕ್ಕ ಬಂದು ನಿಂತರು. ಅವನ ಬಾಯಿಂದ ಮಾತು ಕಿತ್ತುಕೊಂಡದ್ದು ತಪ್ಪಾಯಿತೆಂದರು. ಮೂರನೇ ತರಗತಿಯಿಂದಲೂ ನೀವು ಹಾಗೇ ಎಂದು ಅವನು ನಕ್ಕ. ಅವರು ನಗಲಿಲ್ಲ.

“ಇಪ್ಪತ್ತೆರಡು ವರ್ಷದಿಂದ ಈ ಸಭೆ ನಡೆಸ್ತಿದೀನಿ ಎಮೆರಿ,” ಎಂದರು. “ಒಬ್ರು ಮಾತು ಮುಗಿಸೋವರೆಗೂ ಈ ಊರು ಬಾಯಿ ಮುಚ್ಕೊಂಡು ಕೇಳಿದ್ದು ಇವತ್ತೇ ಮೊದಲು.”