ಮೊದಲ ಒನ್ಸ್ ಮೋರ್

ತಾತನ ಕಾಲದಿಂದ ನಾಟಕ ಕಂಪನಿ ನಡೆಸಿಕೊಂಡು ಬಂದ ಮನೆತನ. ಅಣ್ಣನದು ಯಾವಾಗಲೂ ರಾಜನ ಪಾತ್ರ, ತಮ್ಮನದು ಆ ರಾಜನ ಕತ್ತಿಗೆ ಸಾಯುವ ಸೇನಾಪತಿಯ ಪಾತ್ರ. ಇಬ್ಬರಲ್ಲಿ ಯಾರು ಹೆಚ್ಚು ಎಂದು ಹೋದ ಊರಲ್ಲೆಲ್ಲ ವಾದ. ಅಣ್ಣನನ್ನೇ ಕೇಳಿದರೆ, ತಮ್ಮನ ಎದುರಿಗೇ, "ಅಂವ ಇನ್ನೂ ಕಲೀಬೇಕ್ರೀ" ಎಂದು ನಗುತ್ತಿದ್ದ.

ಅಂದು ಬಣ್ಣ ಹಚ್ಚಿಕೊಳ್ಳುವಾಗ ತಮ್ಮ, "ಅಣ್ಣಾ, ಯಾಕೋ ಎದಿ ಹಿಡದಂಗ ಆಗೇತಿ" ಎಂದ.

"ನೆವಾ ಹೇಳಬ್ಯಾಡ. ಮೊದಲ ನೆಟ್ಟಗ ಸಾಯೂದು ಕಲಿ," ಎಂದು ಅಣ್ಣ ಗದರಿದ.

ರಂಗದ ಮೇಲೆ ತಗಡಿನ ಕತ್ತಿ ತಾಗಿತು. ತಮ್ಮ ಎದೆ ಹಿಡಿದುಕೊಂಡು, ಮಾತನ್ನು ಅರ್ಧಕ್ಕೇ ಬಿಟ್ಟು ಕುಸಿದು ಬಿದ್ದ. ಡೇರೆಯಲ್ಲಿದ್ದ ಜನರೆಲ್ಲ ಎದ್ದು ನಿಂತು "ಒನ್ಸ್ ಮೋರ್!" ಎಂದು ಕೂಗಿದರು. ಹಾಗೆ ಕೂಗಿದರೆ ಸತ್ತವನೂ ಎದ್ದು ಇನ್ನೊಮ್ಮೆ ಸಾಯಬೇಕು. ಕಂಪನಿ ನಾಟಕದ ಪದ್ಧತಿಯೇ ಅದು. ಅಣ್ಣನಿಗೆ ದಿನಾ ಸಿಗುತ್ತಿದ್ದ ಆ ಕೂಗು ತಮ್ಮನಿಗೆ ಸಿಕ್ಕಿದ್ದು ಇದೇ ಮೊದಲು. ಆದರೂ ಅವನು ಏಳಲಿಲ್ಲ.

"ಏಳೋ, ಜನ ನಿನ್ನ ಕೂಗಾಕತ್ತಾರ," ಅಣ್ಣ ತುಟಿ ಅಲುಗಿಸದೆ ಹೇಳಿದ.

ಬಗ್ಗಿ ಕೈ ಹಿಡಿದೆತ್ತಿದರೆ ಅದು ಹೆಣದ ಕೈಯಂತೆ ಜಾರಿ ಬಿತ್ತು. ಜನರ ಕೂಗು ಜೋರಾಗುತ್ತಲೇ ಇತ್ತು. ಅಣ್ಣನ ಕಿರೀಟ ಉರುಳಿತು. ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಗೋಳೋ ಎಂದು ಅತ್ತ.

"ಕಣ್ಣ ತಗಿಯೋ ನನ್ನಪ್ಪಾ! ನನಗಿಂತ ನೀನ ದೊಡ್ಡ ನಟ!"

ತಮ್ಮ ಕಣ್ಣು ತೆರೆಯದೆ ಪಿಸುಗುಟ್ಟಿದ: "ಒನ್ಸ್ ಮೋರ್, ಅಣ್ಣಾ. ಹಿಂದ ಕುಂತವರಿಗೆ ಕೇಳಿಸ್ಲಿಲ್ಲ."