ಓದು ನಿಂತ ಗಳಿಗೆ

ಅಂಗನವಾಡಿ ಶಿಕ್ಷಕಿ ನೀಲಾಂಬಿಕೆಗೆ ಅಕ್ಷರ ಕಲಿಸುವ ಕೆಲಸವಿರಲಿಲ್ಲ. ಆ ಕಾಲದ ಮಕ್ಕಳು ಮಾತು ಬಂದ ದಿನದಿಂದಲೇ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಿಬಿಡುತ್ತಿದ್ದವು. ಅರ್ಥವನ್ನು ಮಾತ್ರ ಕಲಿಸಬೇಕಿತ್ತು. ಹೋದ ತಿಂಗಳು ನಾಲ್ಕು ವರ್ಷದ ಶಾಂಭವಿ ಕೆರೆದಂಡೆಯ ಹಲಗೆಯನ್ನು, "ನೀರು ಆಳವಾಗಿದೆ, ಇಳಿಯಬೇಡಿ" ಎಂದು ಗಟ್ಟಿಯಾಗಿ ಓದುತ್ತಲೇ ನೀರಿಗಿಳಿದಿದ್ದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎಳೆದುಕೊಂಡಿದ್ದರಿಂದ ಉಳಿದಳು.

ಅಂದಿನಿಂದ ನೀಲಾಂಬಿಕೆ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು ದಿನಕ್ಕೊಂದು ಕತೆ ಓದಿಸುತ್ತಿದ್ದಳು. "ಯಾಕ ಹಂಗಾತು, ಪುಟ್ಟಿ?" ಎಂದು ಸಾಲುಸಾಲಿಗೂ ಕೇಳುತ್ತಿದ್ದಳು. ಹುಡುಗಿ ಅದೇ ಸಾಲನ್ನು ಮತ್ತೆ ಓದುತ್ತಿದ್ದಳು, ಅಷ್ಟೇ.

ಇವತ್ತಿನದು ಮೇಕೆಮರಿಯ ಕತೆ. "ಕತ್ತಲಾಯಿತು. ಮರಿ ಅಮ್ಮನನ್ನು ಕೂಗಿತು. ಯಾರೂ ಓಗೊಡಲಿಲ್ಲ" ಎಂದು ಓದಿದ ಶಾಂಭವಿ ಸುಮ್ಮನಾದಳು. ಪುಟದಲ್ಲಿ ಇನ್ನೂ ನಾಲ್ಕು ಸಾಲುಗಳಿದ್ದವು. ಎದುರಿಗೆ ಅಕ್ಷರವಿದ್ದೂ ಓದು ನಿಲ್ಲಿಸಿದ ಮಗುವನ್ನು ನೀಲಾಂಬಿಕೆ ಈವರೆಗೆ ಕಂಡಿರಲಿಲ್ಲ.

"ಮುಂದ ಓದವಾ," ಎಂದಳು ಮೆಲ್ಲಗೆ.

ಹುಡುಗಿ ಅಂಗೈಯಿಂದ ಪುಟವನ್ನು ಮುಚ್ಚಿದಳು. "ನಾ ಒಲ್ಲೆ, ಅಕ್ಕೋರ. ಅದರವ್ವ ಸಿಗದಿದ್ರ?"

ನೀಲಾಂಬಿಕೆಯ ಕಣ್ಣು ತುಂಬಿ ಬಂತು. ಮಗುವನ್ನು ಮಡಿಲಿಗೆಳೆದುಕೊಂಡಳು. "ಸಿಗತಾಳೋ ಇಲ್ಲೋ, ಇಬ್ಬರೂ ಕೂಡೇ ನೋಡೋಣು."

ಶಾಂಭವಿ ಒಂದೊಂದೇ ಬೆರಳು ಸರಿಸಿದಳು.